ಹಳಿಯ ಮೇಲೆ ನಾಲ್ಕು ದಶಕ

ಮಾಯಕೊಂಡವೆಂದೊಡನೆ ಇತಿಹಾಸ ಓದಿದವರಿಗೆ ನೆನಪಾಗುವುದು 1748ರ ಯುದ್ಧ. ಚಿತ್ರದುರ್ಗದ ಹಿರೇ ಮದಕರಿನಾಯಕರು ವೀರಮರಣವನ್ನಪ್ಪಿದ ರಣಭೂಮಿ ಇದು. ಆದರೆ ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಮಾಯಕೊಂಡವೆಂದರೆ ಮೊದಲು ಕಣ್ಣಿಗೆ ಕಟ್ಟುವುದು ರೈಲು ನಿಲ್ದಾಣ. ಬೆಂಗಳೂರಿನಿಂದ ಹರಿಹರದವರೆಗಿನ ರೈಲುಹಾದಿ ಮೈಸೂರು ಸಂಸ್ಥಾನದ ಕಾಲದಲ್ಲಿ, 1880ರ ದಶಕದಲ್ಲಿ ನಿರ್ಮಾಣವಾಯಿತು. ಅಂದಿನಿಂದ ಚಿಕ್ಕಜಾಜೂರು ಮತ್ತು ದಾವಣಗೆರೆಗಳ ನಡುವಿನ ಹಳ್ಳಿಗಳಲ್ಲಿ ಒಕ್ಕಲುತನ ಬಿಟ್ಟರೆ ಸ್ಥಿರವಾದ ಜೀವನೋಪಾಯವೆಂದು ಜನ ನಂಬಿದ್ದು ರೈಲ್ವೆಯನ್ನೇ. ಮನೆಗೊಬ್ಬರಲ್ಲದಿದ್ದರೂ ಬೀದಿಗೊಬ್ಬರಾದರೂ ಹಳಿಯ ಮೇಲೆ ದುಡಿದವರು ಸಿಗುತ್ತಾರೆ.

ಕಳೆದ ವರ್ಷ ನಮ್ಮ ಭಾಗದ ಒಂದು ಸಮಾರಂಭದಲ್ಲಿ ಹಿರಿಯ ನಾಗರಿಕರಿಗೆ ಸನ್ಮಾನವಿತ್ತು. ಭಾಷಣಕಾರರು ಒಬ್ಬರಾದ ಮೇಲೊಬ್ಬರು ಒಂದೇ ಮಾತನ್ನು ಆಡಿದರು: ಅಂದಿನವರಲ್ಲಿ ನಿಷ್ಠೆಯಿತ್ತು, ಇಂದಿನವರಲ್ಲಿ ಅದಿಲ್ಲ; ಅಂದು ದುಡಿಮೆ ಕಾಯಕವಾಗಿತ್ತು, ಇಂದು ಬರೀ ಸಂಬಳವಾಗಿದೆ. ನಾನೂ ವೇದಿಕೆಯ ಮೇಲಿದ್ದೆ, ಸುಮಾರಾಗಿ ಅಂಥದೇ ಮಾತು ಆಡುವವನಿದ್ದೆ. ಸನ್ಮಾನಿತರಲ್ಲಿ ಒಬ್ಬರಾಗಿ ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮ ಬೀದಿಯ ಹಿರಿಯರು ಮೆಲ್ಲಗೆ ನನ್ನ ಕಡೆ ಬಾಗಿ, “ಇವರು ಯಾರೂ ಸ್ಲೀಪರ್ ಎತ್ತಿಲ್ಲ, ಸ್ವಾಮಿ” ಎಂದರು. ಆ ಮಾತಿನ ಜಾಡು ಹಿಡಿದು ಮುಂದಿನ ಕೆಲವು ಸಂಜೆಗಳನ್ನು ನಾನು ಅವರ ಮನೆಯ ಕಟ್ಟೆಯ ಮೇಲೆ ಕಳೆದೆ. ಓದುಗ ಬಂಧುಗಳ ಮುಂದೆ ಇಡುತ್ತಿರುವುದು ಆ ಸಂಜೆಗಳ ಫಲ. ಹೆಸರು ಬರೆಯುವುದು ಬೇಡವೆಂದು ಅವರ ಆಗ್ರಹ, ಅದನ್ನು ಪಾಲಿಸಿದ್ದೇನೆ.

ಅವರು 1971ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ ದಿನಗೂಲಿಯಾಗಿ ಹಳಿಯ ಕೆಲಸಕ್ಕೆ ಸೇರಿದರು. 2012ರಲ್ಲಿ ಕೀಮ್ಯಾನ್ ಆಗಿ ನಿವೃತ್ತರಾದರು. ನಡುವೆ ಬೇರೆ ಯಾವ ಧಣಿಯನ್ನೂ ಕಾಣಲಿಲ್ಲ. ಧಣಿಯ ಹೆಸರು ಮಾತ್ರ ಬದಲಾಯಿತು: 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಗಿತ್ತು; 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿ ನೈರುತ್ಯ ರೈಲ್ವೆ ಹುಟ್ಟಿದಾಗ ನಮ್ಮ ಹಾದಿ ಅದರ ಮೈಸೂರು ವಿಭಾಗಕ್ಕೆ ಸೇರಿತು. “ಬೋರ್ಡು ಬದಲಾಯಿತು, ಸುತ್ತಿಗೆ ಅದೇ” ಎನ್ನುತ್ತಾರೆ ಅವರು.

ಕೀಮ್ಯಾನ್ ಎಂದರೆ ರೈಲಿನ ಬಾಗಿಲಿಗೆ ಬೀಗ ಹಾಕುವವನೆಂದು ಬಾಲ್ಯದಲ್ಲಿ ನಾನು ತಿಳಿದಿದ್ದೆ. ಮಠದ ಪ್ರಸಾದನಿಲಯದಲ್ಲಿ ಸಂಸ್ಕೃತ ಓದುತ್ತಿದ್ದ ದಿನಗಳಲ್ಲಿಯೂ ಆ ಅಜ್ಞಾನ ಹೋಗಿರಲಿಲ್ಲ. ಕೀಲಿಯೆಂದರೆ ಇಲ್ಲಿ ಬೀಗದ ಕೀಲಿಯಲ್ಲ. ಹಳಿಯನ್ನು ಅದರ ಕೆಳಗಿನ ಆಧಾರಪಟ್ಟಿಗೆ, ಅಂದರೆ ಸ್ಲೀಪರಿಗೆ, ಬಿಗಿಯಾಗಿ ಹಿಡಿದಿಡುವ ಕಬ್ಬಿಣದ ಬೆಣೆ. ರೈಲು ಓಡಿದಷ್ಟೂ ಬೆಣೆ ಸಡಿಲವಾಗುತ್ತದೆ. ಕೀಮ್ಯಾನ್ ಪ್ರತಿದಿನ ಬೆಳಗ್ಗೆ ತನ್ನ ಪಾಲಿನ ಐದಾರು ಕಿಲೋಮೀಟರ್ ಹಾದಿಯನ್ನು ಕಾಲ್ನಡಿಗೆಯಲ್ಲಿ ಒಂದು ಹಳಿಯನ್ನು ನೋಡುತ್ತ ಹೋಗಿ, ಇನ್ನೊಂದು ಹಳಿಯನ್ನು ನೋಡುತ್ತ ಹಿಂತಿರುಗಬೇಕು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್, ಜೋಳಿಗೆಯಲ್ಲಿ ಕೆಂಪು ಮತ್ತು ಹಸಿರು ಬಾವುಟ, ಜೊತೆಗೆ ಹಳಿಗೆ ಕಟ್ಟಿದರೆ ಗಾಲಿ ಹತ್ತಿದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿಗಳು. ಬೇಸಗೆಯಲ್ಲಿ ಹಳಿ ಹಿಗ್ಗಿ ಸೊಟ್ಟಗಾಗುವ ಭಯ. ಮಾಗಿಯ ಚಳಿಯಲ್ಲಿ ಅದು ಕುಗ್ಗಿ ಬಿರಿಯುವ ಭಯ. ಬಿರುಕು ಬಹುಪಾಲು ನಸುಕಿನಲ್ಲಿಯೇ ಕಾಣಿಸಿಕೊಳ್ಳುವುದರಿಂದ ಡಿಸೆಂಬರ್ ತಿಂಗಳಿನಲ್ಲಿ ಅವರು ನಕ್ಷತ್ರ ಮುಳುಗುವ ಮುನ್ನವೇ ಮನೆ ಬಿಡುತ್ತಿದ್ದರು. ಬೆಣೆಗೆ ಸುತ್ತಿಗೆ ತಾಗಿಸಿದಾಗ ಬರುವ ಸದ್ದಿನಿಂದಲೇ ಬಿಗಿ ಯಾವುದು, ಸಡಿಲ ಯಾವುದು ಎಂದು ಅವರಿಗೆ ತಿಳಿಯುತ್ತಿತ್ತು. ಆ ವಿದ್ಯೆಯನ್ನು ಯಾರೂ ಪಾಠ ಮಾಡಲಿಲ್ಲ. ಹಿರಿಯ ಕೀಮ್ಯಾನ್ ಒಬ್ಬರ ಹಿಂದೆ ನಾಲ್ಕು ವರ್ಷ ನಡೆದು ಕಿವಿಗೆ ಹತ್ತಿಸಿಕೊಂಡದ್ದು.

ಅದಕ್ಕೂ ಮೊದಲಿನ ಕಥೆ ಗ್ಯಾಂಗಿನದು. ಹತ್ತು ಹನ್ನೆರಡು ಆಳುಗಳ ತಂಡ, ಅದಕ್ಕೊಬ್ಬ ಮೇಟಿ. ಮೀಟರ್ ಗೇಜಿನ ಹಳಿಯನ್ನು ಹಾರೆಗಳಿಂದ ಎತ್ತುವುದು, ಸರಿಸುವುದು, ಸ್ಲೀಪರಿನ ಕೆಳಗೆ ಜಲ್ಲಿಯನ್ನು ಬಡಿದು ಗಟ್ಟಿಮಾಡುವುದು, ಎಲ್ಲವೂ ಕೈಯ ಕೆಲಸ. ಎಂಟು ಹಾರೆಗಳು ಒಂದೇ ಕ್ಷಣಕ್ಕೆ ಒತ್ತಿದರೆ ಮಾತ್ರ ಹಳಿ ಮಿಸುಕುತ್ತದೆ. ಒಬ್ಬನು ಅರೆಕ್ಷಣ ತಡಮಾಡಿದರೂ ಭಾರವೆಲ್ಲ ಪಕ್ಕದವನ ಸೊಂಟಕ್ಕೆ. ಆದ್ದರಿಂದಲೇ ಮೇಟಿ ಪದ ಹೇಳುತ್ತಿದ್ದ, ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಪಟ್ಟಣದವರು ರೈಲಿನ ಕಿಟಕಿಯಿಂದ ಕೇಳಿ, ಆಹಾ, ಎಂಥ ಸಂತೋಷದ ದುಡಿಮೆ ಎಂದುಕೊಳ್ಳುತ್ತಿದ್ದ ಹಾಡು ಅದು. ಅದು ಸಂತೋಷಕ್ಕೆ ಹುಟ್ಟಿದ ಹಾಡಲ್ಲ. ಸೊಂಟ ಮುರಿಯದಿರಲೆಂದು ಹುಟ್ಟಿದ ಲೆಕ್ಕ. ಹಾಡುತ್ತ ಹಾಡುತ್ತ ಸಂತೋಷವೂ ಬಂದಿದ್ದರೆ ಅದು ಬೇರೆ ಮಾತು. ಬರುತ್ತಿತ್ತು ಎಂದೇ ಅವರು ಒಪ್ಪುತ್ತಾರೆ.

ಇನ್ನು ನಿಷ್ಠೆಯ ವಿಚಾರ. ಆ ಕಾಲದಲ್ಲಿ ದೇಶದ ಉದ್ದಗಲಕ್ಕೂ ರೈಲುಹಾದಿಯ ದುಡಿಮೆಯಲ್ಲಿ ಲಕ್ಷಗಟ್ಟಲೆ ದಿನಗೂಲಿಗಳಿದ್ದರು. ಎಡೆಬಿಡದೆ ನಿಗದಿತ ದಿನಗಳಷ್ಟು ದುಡಿದರೆ ಹಂಗಾಮಿ ನೌಕರನ ಸ್ಥಾನ ಸಿಗಬೇಕು. ಆದುದರಿಂದ ಆ ದಿನಗಳು ತುಂಬುವ ಮುನ್ನವೇ ಹಾಜರಿಪಟ್ಟಿಯಿಂದ ಹೆಸರು ತೆಗೆದು, ಕೆಲವು ದಿನ ಬಿಟ್ಟು ಮತ್ತೆ ಹಚ್ಚಿಕೊಳ್ಳುವ ಪದ್ಧತಿ ಹಲವೆಡೆ ರೂಢಿಯಲ್ಲಿತ್ತು. ನಮ್ಮ ಹಿರಿಯರು ಹೀಗೆ ಹಚ್ಚಿಸಿಕೊಂಡು, ತೆಗೆಸಿಕೊಂಡು ಕಳೆದದ್ದು ವರ್ಷಾನುವರ್ಷ. 1974ರ ಮೇ 8ರಂದು ಆರಂಭವಾದ ರೈಲ್ವೆ ಮುಷ್ಕರ ಇಪ್ಪತ್ತು ದಿನ ನಡೆಯಿತು. ಅದರ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಸಾವಿರಾರು ನೌಕರರು ಸೆರೆಮನೆ ಕಂಡರು, ಕೆಲಸ ಕಳೆದುಕೊಂಡರು, 1977ರಲ್ಲಿ ಸರ್ಕಾರ ಬದಲಾದ ಮೇಲೆ ಮರಳಿ ಸೇರಿದರು. ಮುಷ್ಕರವನ್ನು ನಡೆಸಿದವರೇ 1989ರ ಡಿಸೆಂಬರಿನಲ್ಲಿ ರೈಲ್ವೆ ಮಂತ್ರಿಯಾದರೆಂಬುದು ಕಾಲದ ಒಂದು ವಿನೋದ. ಆದರೆ ದಿನಗೂಲಿಗೆ ಮುಷ್ಕರ ಹೂಡುವ ಭಾಗ್ಯವೂ ಇರಲಿಲ್ಲ. ಹೋಗದಿದ್ದರೆ ಹೆಸರಿಲ್ಲ, ಅಷ್ಟೇ. “ಆ ಇಪ್ಪತ್ತು ದಿನ ನಾನು ಕೆಲಸಕ್ಕೆ ಹೋದೆ. ಹೊರಗೆ ಕೂತಿದ್ದವರ ಮುಖ ನೋಡಲಾರದೆ ನೆಲ ನೋಡಿಕೊಂಡು ಹೋದೆ” ಎಂದು ಹೇಳುವಾಗ ಅವರ ದನಿ ಇಂದಿಗೂ ತಗ್ಗುತ್ತದೆ.

ದಿನಗೂಲಿಗಳ ಬದುಕಿಗೆ ತಿರುವು ಬಂದದ್ದು 1985ರಲ್ಲಿ. ಇಂದರ್‌ಪಾಲ್ ಯಾದವ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರೈಲ್ವೆ ಯೋಜನೆಗಳ ದಿನಗೂಲಿಗಳನ್ನು ಹಂತಹಂತವಾಗಿ ಹಂಗಾಮಿ ನೌಕರರೆಂದು ಪರಿಗಣಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಅಲ್ಲಿಂದ ಮುಂದೆ ದಿನಗೂಲಿಗಳ ಪಟ್ಟಿಗಳು, ಪರಿಶೀಲನೆಗಳು ನಡೆದು ಬಹುಮಂದಿಗೆ ಖಾಯಂ ಕೆಲಸ ದೊರೆಯಿತು. ನಮ್ಮ ಹಿರಿಯರಿಗೂ ಆ ದಶಕದಲ್ಲಿಯೇ ದೊರೆಯಿತು. ಅವರ ಧರ್ಮಪತ್ನಿಯವರು ಆ ದಿನವನ್ನು ನೆನೆದದ್ದು ಬೇರೆ ರೀತಿಯಲ್ಲಿ: “ಸಂಬಳ ಹೆಚ್ಚಿದ್ದು ನೆನಪಿಲ್ಲ. ಪಾಸು ಬಂತು, ಮಕ್ಕಳನ್ನು ಕರೆದುಕೊಂಡು ಕಾಶಿ ನೋಡಿದೆವು.”

ಇಲ್ಲಿ ನನ್ನದೊಂದು ಮಾತು. ಶರಣರ ಕಾಯಕವೆಂಬ ಪದವನ್ನು ನಾವು ಇಂದು ಬಹಳ ಧಾರಾಳವಾಗಿ ಬಳಸುತ್ತೇವೆ. ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ತಡೆದು, ಅಧಿಕವಾದುದನ್ನು ಹಿಂತಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ಗೊತ್ತು. ಆ ದಂಪತಿಗಳ ನಿರಾಕರಣೆಗೆ ಬೆಲೆ ಬಂದದ್ದು ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದ್ದುದರಿಂದ. ನಾಳೆ ಹೆಸರಿರುತ್ತದೆಯೋ ಇಲ್ಲವೋ ಎಂಬ ಭಯದಲ್ಲಿ ದುಡಿದವನ ಮೌನವನ್ನು ನಿಷ್ಠೆಯೆಂದು ಕರೆದು ಹಾರ ಹಾಕುವುದು ಸುಲಭ. ವೇದಿಕೆಯ ಮೇಲೆ ನಾನು ಆಡಬೇಕೆಂದಿದ್ದ ಮಾತನ್ನು ಆಡದೆ ಉಳಿದದ್ದು ಒಳ್ಳೆಯದೇ ಆಯಿತು.

ಇನ್ನೊಂದು ಸಂಗತಿಯನ್ನು ಅವರು ಮೂರನೆಯ ಸಂಜೆ ಹೇಳಿದರು, ಅದೂ ಮನೆಯವರು ಒಳಗೆ ಹೋದ ಮೇಲೆ. 1971ರಲ್ಲಿ ಗ್ಯಾಂಗಿನವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದುದು ಹಳಿಯ ಪಕ್ಕದ ಒಂದು ಹುಣಸೆಮರದ ಕೆಳಗೆ. ಮರ ಒಂದೇ, ಸಾಲು ಎರಡು. ನೀರಿನ ಕೊಡವೂ ಎರಡು. ಹಾರೆ ಹಿಡಿಯುವಾಗ ಭುಜಕ್ಕೆ ಭುಜ ತಾಗಿಸಿ ನಿಂತವರು ಬುತ್ತಿಯ ಹೊತ್ತಿಗೆ ಹತ್ತು ಮಾರು ದೂರ ಸರಿಯುತ್ತಿದ್ದರು. ಯಾವ ಅಧಿಕಾರಿಯೂ ಹಾಗೆಂದು ಆಜ್ಞೆ ಮಾಡಿರಲಿಲ್ಲ. ಊರಿನಿಂದ ನಾವೇ ಹೊತ್ತುಕೊಂಡು ಹೋದದ್ದು. “ಆಚೆ ಸಾಲಿನವರನ್ನು ನೋಡಿಯೂ ನೋಡದಂತೆ ಉಂಡವರಲ್ಲಿ ನಾನೂ ಒಬ್ಬ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗ.” ಎರಡು ಸಾಲು ಯಾವಾಗ ಒಂದಾಯಿತು ಎಂದು ಕೇಳಿದೆ. ದಿನಾಂಕ ಹೇಳಲು ಅವರಿಗೆ ಆಗಲಿಲ್ಲ. ಒಂದು ಮಳೆಗಾಲ ಕೊಡವೊಂದು ಒಡೆಯಿತು, ಹೊಸ ಕೊಡವನ್ನು ಯಾರೂ ತರಲಿಲ್ಲ. ಯಾರೋ ಒಬ್ಬರು ಉಳಿದ ಕೊಡಕ್ಕೆ ಕೈಹಾಕಿದರು, ಯಾರೂ ಏನೂ ಅನ್ನಲಿಲ್ಲ. ಹೊಸದಾಗಿ ಬಂದ ಓದಿದ ಹುಡುಗರು ಸಾಲನ್ನು ಲೆಕ್ಕಿಸಲೂ ಇಲ್ಲ. ನಲವತ್ತು ವರ್ಷಗಳಲ್ಲಿ ತಾವು ಕಂಡ ಬದಲಾವಣೆಗಳಲ್ಲಿ ಅದೇ ದೊಡ್ಡದೆಂದು ಅವರು ಹೇಳುತ್ತಾರೆ. ಕೊಡವನ್ನು ತಾನೇ ಮೊದಲು ಒಡೆಯಲಿಲ್ಲವೆಂಬ ಸಂಕಟ ಅವರಲ್ಲಿ ಉಳಿದಿದೆ.

ನಿಲ್ದಾಣದ ಒಳಗಿನ ಬದುಕು ಬೇರೆಯೇ. ಒಂಟಿ ಹಾದಿಯಲ್ಲಿ ಎದುರುಬದುರು ರೈಲುಗಳು ಬರದಂತೆ ಕಾಯುತ್ತಿದ್ದುದು ಟೋಕನ್ ಎಂಬ ಲೋಹದ ಚೆಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳಿಗೆ ತಂತಿಯ ನಂಟು. ಈಚೆಯವರು ಗಂಟೆ ಬಾರಿಸಿ ಕೇಳಬೇಕು, ಆಚೆಯವರು ಒಪ್ಪಬೇಕು, ಆಗಷ್ಟೇ ಒಂದು ಚೆಂಡು ಹೊರಬೀಳುತ್ತದೆ. ಅದು ಮತ್ತೆ ಯಂತ್ರದೊಳಗೆ ಸೇರುವವರೆಗೆ ಎರಡನೆಯ ಚೆಂಡು ಹೊರಬಾರದು. ಚೆಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹಾಯುವ ಗಾಡಿಯ ಚಾಲಕನ ತೋಳಿಗೆ ಸಿಗುವಂತೆ ಪೋರ್ಟರ್ ಎತ್ತಿ ಹಿಡಿಯುತ್ತಿದ್ದ. ಕಲ್ಲಿದ್ದಲ ಬಂಡಿಯಿಂದ ಹಳೆಯ ಬಳೆ ಹಾರಿ ಬಂದು ಬೀಳುತ್ತಿತ್ತು. ಮಳೆಗಾಲದ ರಾತ್ರಿಗಳಲ್ಲಿ ಗಸ್ತಿನವರು ಮೂರು ಬಣ್ಣದ ದೀಪ ಹಿಡಿದು ನಡೆಯುತ್ತಿದ್ದರು. ಹಾದಿಯ ನಡುವೆ ಎದುರಾದ ಗಸ್ತಿನವನೊಡನೆ ಪುಸ್ತಕ ಬದಲಿಸಿಕೊಂಡು, ಸ್ಟೇಷನ್ ಮಾಸ್ತರರ ರುಜು ಪಡೆದು ಹಿಂತಿರುಗುತ್ತಿದ್ದರು. ಎಲ್ಲಕ್ಕೂ ಇನ್ನೊಬ್ಬ ಮನುಷ್ಯ ಎದುರಿಗೆ ಇರಲೇಬೇಕಾಗಿತ್ತು. ಅವನ ಹೆಸರು, ಅವನ ಮಕ್ಕಳ ಜ್ವರ, ಅವನ ಊರಿನ ಮಳೆ, ಎಲ್ಲವೂ ಆ ಅರ್ಧ ನಿಮಿಷದಲ್ಲಿ ದಾಟುತ್ತಿದ್ದವು.

ಈ ಲೋಕ ಹೇಗೆ ಕರಗಿತು? ಜನರ ಮನಸ್ಸು ಕೆಟ್ಟಿತು ಎಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಹಿರಿಯರ ಉತ್ತರ ಒಂದೇ ಪದ: “ಕಾಂಕ್ರೀಟು.” 1992ರಲ್ಲಿ ರೈಲ್ವೆಯು ಏಕ ಗೇಜ್ ಯೋಜನೆಯನ್ನು ಕೈಗೊಂಡಿತು, ಆ ದಶಕದಲ್ಲಿ ನಮ್ಮ ಹಾದಿಯೂ 1000 ಮಿಲಿಮೀಟರ್ ಅಗಲದ ಮೀಟರ್ ಗೇಜಿನಿಂದ 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜಿಗೆ ಬದಲಾಯಿತು. ಹಳೆಯ ಸ್ಲೀಪರುಗಳ ಜಾಗಕ್ಕೆ ಕಾಂಕ್ರೀಟಿನವು ಬಂದವು. ಒಂದೊಂದರ ತೂಕ ಕಾಲು ಟನ್ನಿಗಿಂತ ಹೆಚ್ಚು. ಹಳಿಯನ್ನು ಒಂದಕ್ಕೊಂದು ಬೆಸೆದು ಉದ್ದುದ್ದ ಮಾಡಿದರು. ಬೆಣೆ ಹೋಗಿ ಸ್ಪ್ರಿಂಗಿನಂಥ ಕ್ಲಿಪ್ಪು ಬಂತು. ಕೀಲಿಯೇ ಇಲ್ಲದ ಹಾದಿಯಲ್ಲಿ ಕೀಮ್ಯಾನ್ ಎಂಬ ಹೆಸರು ಮಾತ್ರ ಉಳಿಯಿತು. ಇಂಥ ಹಾದಿಯನ್ನು ಹಾಡು ಹೇಳಿ ಎತ್ತಲು ಸಾಧ್ಯವಿಲ್ಲ. ಜಲ್ಲಿ ಬಡಿಯಲು ಯಂತ್ರ ಬಂತು. ಒಂದು ಯಂತ್ರ ಕೆಲವು ಗಂಟೆಗಳಲ್ಲಿ ಮಾಡಿ ಮುಗಿಸುವುದನ್ನು ಗ್ಯಾಂಗು ದಿನಗಟ್ಟಲೆ ಮಾಡುತ್ತಿತ್ತು. ಸೊಂಟಗಳು ಉಳಿದವು. ಹಾಡು ನಿಂತಿತು. ಹಾಡು ಬೇಕಿತ್ತೋ ಸೊಂಟ ಬೇಕಿತ್ತೋ ಎಂದು ಕೇಳಿದರೆ ಅವರು ನಗುತ್ತಾರೆ: “ಸೊಂಟ ಬೇಕು. ಹಾಡು ಕೇಳಬೇಕೆನಿಸುತ್ತದೆ.”

ಮೇಲಧಿಕಾರಿಗಳೊಡನೆ ಇದ್ದ ಸಂಬಂಧವೂ ಬದಲಾಯಿತು, ಆದರೆ ಬಹಳ ತಡವಾಗಿ. ದೊಡ್ಡವರ ಬಂಗಲೆಗಳಲ್ಲಿ ಹಳಿಯ ಆಳುಗಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಬ್ರಿಟಿಷರ ಕಾಲದಿಂದ ಬಂದ ಅಭ್ಯಾಸ. 2017ರಲ್ಲಿ ರೈಲ್ವೆ ಮಂಡಳಿಯು ಅವರನ್ನು ಬಿಡುಗಡೆಮಾಡಿ ಹಾದಿಗೆ ಕಳುಹಿಸುವಂತೆ ಸೂಚಿಸಿತು. ಮಂಡಳಿಯ ಅಧ್ಯಕ್ಷರು ಬಂದಾಗಲೆಲ್ಲ ವಲಯದ ಮಹಾಪ್ರಬಂಧಕರು ಎದುರುಗೊಳ್ಳಬೇಕೆಂದಿದ್ದ 1981ರ ಸುತ್ತೋಲೆಯೂ ಅದೇ ವರ್ಷ ರದ್ದಾಯಿತು. 2020ರಲ್ಲಿ ಬಂಗಲೆ ಪ್ಯೂನುಗಳ ಹೊಸ ನೇಮಕವೂ ನಿಂತಿತು. ಆರನೆಯ ವೇತನ ಆಯೋಗದ ನಂತರ ಕೆಳದರ್ಜೆಯ ‘ಡಿ’ ಗುಂಪು ಎಂಬುದೇ ಇಲ್ಲವಾಯಿತು. ಗ್ಯಾಂಗ್‌ಮನ್ ಎಂಬ ಹೆಸರು ಟ್ರ್ಯಾಕ್‌ಮನ್ ಆಗಿ, ಆಮೇಲೆ ಟ್ರ್ಯಾಕ್ ಮೇಂಟೇನರ್ ಆಯಿತು. ಹೆಸರಿನಿಂದ ಏನಾದೀತು ಎಂದು ನಾನು ಅಸಡ್ಡೆಯಿಂದ ಕೇಳಿದೆ. “ಮಗಳಿಗೆ ಗಂಡು ನೋಡುವಾಗ ತಂದೆ ಏನು ಎಂದು ಕೇಳುತ್ತಾರಲ್ಲ, ಆಗ ಗೊತ್ತಾಗುತ್ತದೆ” ಎಂದರು.

ಒಂದೇ ಧಣಿಯ ಬಳಿ ನಲವತ್ತು ವರ್ಷ ಕಳೆಯುವುದು ಎಲ್ಲರಿಗೂ ಒದಗಲಿಲ್ಲ ಎಂಬುದನ್ನೂ ಹೇಳಬೇಕು. ಅವರ ಓರಗೆಯವರು ಕೆಲವರು ಬೆಳಗಿನ ರೈಲು ಹಿಡಿದು ದಾವಣಗೆರೆಯ ಬಟ್ಟೆ ಗಿರಣಿಗಳಿಗೆ ಹೋದರು. ಕೆಲವರು ಇನ್ನೂ ಮುಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೆ. 1936ರಲ್ಲಿ ಸ್ಥಾಪನೆಯಾದ ದಾವಣಗೆರೆ ಕಾಟನ್ ಮಿಲ್ಲು, ಅದರ ಹಿಂದೆ ಬಂದ ಗಿರಣಿಗಳು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ತಂದವು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಖಾಕಿ ಸಮವಸ್ತ್ರ, ಸೈರನ್ನು, ಬೋನಸ್ಸು ಇದ್ದ ಆ ಗೆಳೆಯರ ಮುಂದೆ ದಿನಗೂಲಿಯಾದ ಇವರು ಬಡಪಾಯಿ. ಕಾಲಚಕ್ರ ಉರುಳಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಸ್ತಬ್ಧವಾಯಿತು. ಅಲ್ಲಿ ಸಂಸ್ಕೃತಿ ಬದಲಾಗಲಿಲ್ಲ. ಕೆಲಸದ ಜಾಗವೇ ಮಾಯವಾಯಿತು. ಐವತ್ತರ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡು, ನುರಿತ ಕೈಗಳನ್ನು ಮಡಿಚಿ ಮನೆಯಲ್ಲಿ ಕುಳಿತವರನ್ನು ನಾನೂ ಬಲ್ಲೆ. ನಮ್ಮ ಹಿರಿಯರಿಗಾದರೋ 1998ರಲ್ಲಿ ನಿವೃತ್ತಿಯ ವಯಸ್ಸು 58ರಿಂದ 60ಕ್ಕೆ ಏರಿ ಎರಡು ವರ್ಷ ಹೆಚ್ಚಿಗೆ ಸಿಕ್ಕಿತು.

ಈಗ ಅವರ ತಮ್ಮನ ಮೊಮ್ಮಗ ಟ್ರ್ಯಾಕ್ ಮೇಂಟೇನರ್. ಪದವೀಧರ. ಅವನ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಅವನ ಸೊಂಟಕ್ಕೆ ಸಿಕ್ಕಿಸಿರುವ ಚಿಕ್ಕ ಉಪಕರಣ ಉಪಗ್ರಹದ ಸಹಾಯದಿಂದ ಅವನು ಎಲ್ಲಿದ್ದಾನೆ, ಎಷ್ಟು ನಡೆದ ಎಂಬುದನ್ನು ಕಚೇರಿಗೆ ತಿಳಿಸುತ್ತದೆ. ಹಿರಿಯರಿಗೆ ಅದು ಮೊದಲಿಗೆ ಅವಮಾನವೆನಿಸಿತಂತೆ: ಗಸ್ತಿನ ಪುಸ್ತಕದಲ್ಲಿ ಎದುರಿನವನ ರುಜು ಸಾಕಾಗಿತ್ತಲ್ಲ! ಹುಡುಗನ ಉತ್ತರ ಬೇರೆ. ಪುಸ್ತಕದಲ್ಲಿ ಸುಳ್ಳು ರುಜುವೂ ಬೀಳುತ್ತಿತ್ತು ತಾನೇ ಎಂದ. ಹಿರಿಯರು ಸುಮ್ಮನಾದರು, ಬೀಳುತ್ತಿತ್ತು ಎಂದು ಆಮೇಲೆ ನನ್ನೊಡನೆ ಒಪ್ಪಿಕೊಂಡರು. ಹುಡುಗನ ಕೊರಗು ಇನ್ನೊಂದು ಬಗೆಯದು. 2004ರ ಜನವರಿ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿಯಿಲ್ಲ. ತಂಡದವರು ಪರಸ್ಪರ ಮಾತಾಡುವುದು ಹೆಚ್ಚಾಗಿ ಮೊಬೈಲಿನಲ್ಲಿ. ನಡೆಯುವಾಗ ಅವನು ಬಹುತೇಕ ಒಬ್ಬನೇ.

ಹಿರಿಯರನ್ನು ನಿಜವಾಗಿ ಕಾಡುವುದು ಇದಾವುದೂ ಅಲ್ಲ. ಉಗಿಬಂಡಿ ಬರುವುದು ಮೈಲು ದೂರದಿಂದಲೇ ಕಿವಿಗೆ ತಿಳಿಯುತ್ತಿತ್ತು. ಡೀಸೆಲ್ ಸಹ ಗುಡುಗುತ್ತ ಬರುತ್ತಿತ್ತು. 2020ರ ದಶಕದ ಆರಂಭದಲ್ಲಿ ನಮ್ಮ ಹಾದಿ ಜೋಡಿಯಾಯಿತು, ವಿದ್ಯುತ್ತೂ ಬಂತು. 2023ರ ಜೂನ್ 27ರಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ಓಡತೊಡಗಿತು. ದಾವಣಗೆರೆಯಲ್ಲಿ ನಿಲ್ಲುವ ಅದು ಮಾಯಕೊಂಡವನ್ನು ನಿಲ್ಲದೆ ಹಾಯುತ್ತದೆ. ವಿದ್ಯುತ್ ಗಾಡಿ ಹತ್ತಿರ ಬರುವವರೆಗೂ ಸದ್ದು ಕಡಿಮೆ. ಒಂದು ಹಾದಿಯ ರೈಲಿಗೆ ದಾರಿ ಬಿಟ್ಟು ಪಕ್ಕದ ಹಾದಿಗೆ ಸರಿದು ನಿಂತವನ ಬೆನ್ನಹಿಂದೆ ಇನ್ನೊಂದು ಬಂದುಬಿಡಬಹುದು. ಹಳಿಯ ಮೇಲೆ ದುಡಿಯುವವರೇ ರೈಲಿಗೆ ಸಿಕ್ಕಿ ಸಾಯುವುದು ನಮ್ಮ ದೇಶದಲ್ಲಿ ಹಳೆಯ ದುರಂತ, ಡಾ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿಯೂ 2012ರ ತನ್ನ ವರದಿಯಲ್ಲಿ ನೌಕರರ ಸಾವುಗಳನ್ನು ಗಂಭೀರವಾಗಿ ಎತ್ತಿ ತೋರಿಸಿತು. ಹಿಂದೆ ಗ್ಯಾಂಗಿನಲ್ಲಿ ಒಬ್ಬನು ದೂರ ನಿಂತು ಕಾಯುತ್ತಿದ್ದ, ಕೂಗುತ್ತಿದ್ದ. ಹತ್ತು ಜೊತೆ ಕಿವಿಗಳಿದ್ದವು. ಒಬ್ಬನೇ ನಡೆಯುವವನಿಗೆ ಅವನ ಕಿವಿಯೇ ಗತಿ, ಆ ಕಿವಿಗೆ ಸದ್ದೇ ಬಾರದಿದ್ದರೆ?

ನಾನು ಹೊರಡಲು ಎದ್ದ ಕೊನೆಯ ಸಂಜೆ ಹುಡುಗ ಮರುದಿನದ ಪಾಳಿಗೆ ಬೂಟು ಒರೆಸುತ್ತಿದ್ದ. ಹಿರಿಯರು ಒಳಗಿನಿಂದ ತಮ್ಮ ಹಳೆಯ ಸುತ್ತಿಗೆಯ ಹಿಡಿಯನ್ನು ತಂದು ನನಗೆ ತೋರಿಸಿದರು; ಅಂಗೈ ಸವೆಸಿದ ಜಾಗ ಮಿರುಗುತ್ತಿತ್ತು. ಬಳಿಕ ಹುಡುಗನ ಕಡೆ ತಿರುಗಿ, ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಹಾಡಿನ ತಂತಿಯನ್ನು ತೆಗೆದು ಜೇಬಿನಲ್ಲಿಡುವಂತೆ ಹೇಳಿದರು. ಅವನು ತೆಗೆದ. “ನಾಳೆಯೂ,” ಎಂದರು ಅವರು. ಹುಡುಗ ತಲೆಯಾಡಿಸಿದ.